ಊಟ ಬಿಟ್ಟು ನೋಡು: ಹಿನ್ನೆಲೆ ಇನ್ಸುಲಿನ್ನಿನ ಕತೆ

ಇನ್ಸುಲಿನ್ ಅಂದ ತಕ್ಷಣ ನಮಗೆ ಊಟ ನೆನಪಾಗುತ್ತದೆ. ಅನ್ನ, ಮುದ್ದೆ ತಿಂದರೆ ಶುಗರ್ ಏರುತ್ತೆ, ಅದನ್ನು ಇಳಿಸೋದಕ್ಕೆ ಇಂಜೆಕ್ಷನ್... ನಮ್ಮಲ್ಲಿ ಬಹಳ ಜನರ ಲೆಕ್ಕ ಇಷ್ಟೇ. ಹಾಗಾದರೆ ಏಕಾದಶಿ ದಿನ ನಿರಾಹಾರ ಇದ್ದವರಿಗೆ ಇನ್ಸುಲಿನ್ನೇ ಬೇಡವಲ್ಲ? ಬೇಕು! ಏನೂ ತಿನ್ನದೆ ಮಲಗಿದ್ದರೂ ನಮ್ಮ ಲಿವರ್ ತನ್ನ ಉಗ್ರಾಣದಿಂದ ಗ್ಲೂಕೋಸನ್ನು ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ (ಮೆದುಳಿಗೆ ನಿದ್ದೆಯಲ್ಲೂ ಊಟ ಬೇಕಲ್ಲ). ಆರೋಗ್ಯವಂತರಲ್ಲಿ ಮೇದೋಜ್ಜೀರಕ ಗ್ರಂಥಿ ಅದಕ್ಕೆ ತಕ್ಕ ಹಾಗೆ ತೊಟ್ಟು ತೊಟ್ಟಾಗಿ ಇನ್ಸುಲಿನ್ ಬಿಡುತ್ತಾ ಆ ಗ್ಲೂಕೋಸನ್ನು ಹದ್ದಿನಲ್ಲಿಡುತ್ತದೆ. ದಿನದ 24 ಗಂಟೆಯೂ ನಡೆಯುವ ಈ ಕೆಲಸದ ಇನ್ಸುಲಿನ್ನಿಗೆ ಡಾಕ್ಟರುಗಳು ಇಟ್ಟ ಹೆಸರು ಬೇಸಲ್ ಇನ್ಸುಲಿನ್. ನಾನಿಲ್ಲಿ ಹಿನ್ನೆಲೆ ಇನ್ಸುಲಿನ್ ಅಂತ ಕರೆಯುತ್ತೇನೆ. ಸಂಗೀತ ಕಛೇರಿಯಲ್ಲಿ ಹಾಡುಗಾರರ ಹಿಂದೆ ತಂಬೂರಿ ಇದ್ದ ಹಾಗೆ. ಊಟದ ಇನ್ಸುಲಿನ್ ಹಾಡಾದರೆ ಇದು ಶ್ರುತಿ. ದಿನದ ಒಟ್ಟು ಇನ್ಸುಲಿನ್ನಿನಲ್ಲಿ ಸುಮಾರು ಅರ್ಧ ಪಾಲು ಈ ಶ್ರುತಿಗೇ ಬೇಕು.

ಟೈಪ್ 1 ಡಯಾಬಿಟೀಸ್ ಇರುವವರು ಈ ಪಾಲನ್ನೂ ಹೊರಗಿನಿಂದಲೇ ಕೊಡಬೇಕು. ಎಷ್ಟು ಕೊಡಬೇಕು? ಕೊಟ್ಟದ್ದು ಸರಿಯಾಯಿತು ಅಂತ ಗೊತ್ತಾಗುವುದು ಹೇಗೆ? ಉತ್ತರ ಬಹಳ ಸುಲಭ. ಶ್ರುತಿ ಸರಿ ಇದೆಯಾ ಅಂತ ನೋಡಬೇಕಾದರೆ ಹಾಡು ನಿಲ್ಲಿಸಿ ಕೇಳಬೇಕು. ಅಂದರೆ ಒಂದು ಹೊತ್ತಿನ ಊಟ ಬಿಟ್ಟು, ಗಂಟೆ ಎರಡು ಗಂಟೆಗೊಮ್ಮೆ ಶುಗರ್ ನೋಡಬೇಕು. ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತರೆ ಡೋಸ್ ಸರಿ. ಏರುತ್ತಾ ಹೋದರೆ ಕಡಿಮೆಯಾಗಿದೆ, ಇಳಿಯುತ್ತಾ ಹೋದರೆ ಜಾಸ್ತಿಯಾಗಿದೆ. ಶಾಲೆಯ ಮಕ್ಕಳಿಗೂ ಅರ್ಥವಾಗುವ ಪರೀಕ್ಷೆ! ಆದರೆ ಇನ್ಸುಲಿನ್ ಬಂದು ಅರ್ಧ ಶತಮಾನ ಕಳೆದರೂ ಕಾಯಿಲೆಯವರು ಇದನ್ನು ಮನೆಯಲ್ಲಿ ಮಾಡಿಕೊಳ್ಳುವ ಹಾಗಿರಲಿಲ್ಲ. ಯಾಕೆ ಅನ್ನೋದೇ ಇವತ್ತಿನ ಕತೆ. ಓದುತ್ತಾ ಹೋದ ಹಾಗೆ ನನಗೆ ಇದು ಔಷಧಿಯ ಕತೆಗಿಂತ ಹೆಚ್ಚಾಗಿ ಅಳತೆಯ ಕತೆ ಅನ್ನಿಸಿತು.

ಬಣ್ಣ ನೋಡಿ ಡೋಸ್ ಹೇಳುವ ಕಾಲ

ಇನ್ಸುಲಿನ್ ಬರುವ ಮುಂಚೆ ಉಪವಾಸವೇ ಔಷಧಿಯಾಗಿತ್ತು. 1910ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಆಲನ್ ಅನ್ನುವ ಡಾಕ್ಟರ್ ಮಧುಮೇಹದ ಮಕ್ಕಳನ್ನು ಹೊಟ್ಟೆಗಿಲ್ಲದ ಹಾಗೆ ಇಟ್ಟು ಬದುಕನ್ನು ಕೆಲವು ತಿಂಗಳು, ಕೆಲವೊಮ್ಮೆ ಒಂದೆರಡು ವರ್ಷ ಎಳೆಯುತ್ತಿದ್ದರು. ಮಕ್ಕಳು ಎಲುಬಿನ ಗೂಡಾಗುತ್ತಿದ್ದರು. ಆದರೆ ಬೇರೆ ದಾರಿ ಇರಲಿಲ್ಲ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದದ್ದು ನಿಮಗೆಲ್ಲ ಗೊತ್ತು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಕೊಟ್ಟ ಮೊದಲ ಇಂಜೆಕ್ಷನ್ ಅಷ್ಟಾಗಿ ಕೆಲಸ ಮಾಡಲಿಲ್ಲ. ಹನ್ನೆರಡು ದಿನ ಬಿಟ್ಟು, ಕಾಲಿಪ್ ಶುದ್ಧ ಮಾಡಿಕೊಟ್ಟ ಇನ್ಸುಲಿನ್ ಕೆಲಸ ಮಾಡಿತು. ಹುಡುಗ ಇನ್ನೂ 13 ವರ್ಷ ಬದುಕಿದ.

ಆಗಿನ ಇನ್ಸುಲಿನ್ನಿನ ತೊಂದರೆ ಏನೆಂದರೆ, ಕೆಲವೇ ಗಂಟೆಗಳಲ್ಲಿ ಅದರ ಕೆಲಸ ಮುಗಿದುಹೋಗುತ್ತಿತ್ತು. ಊಟಕ್ಕೇನೋ ಸರಿ, ರಾತ್ರಿಗೆ? ಅಲಾರಾಂ ಇಟ್ಟುಕೊಂಡು ಮಧ್ಯರಾತ್ರಿ ಎದ್ದು ಚುಚ್ಚಿಕೊಳ್ಳುತ್ತಿದ್ದವರಿದ್ದರು. ಉಳಿದವರು ರಾತ್ರಿಯಿಡೀ ಇನ್ಸುಲಿನ್ ಇಲ್ಲದೆ ಕಳೆದು ಬೆಳಗ್ಗೆ ಏರಿದ ಶುಗರ್‌ನೊಂದಿಗೆ ಏಳುತ್ತಿದ್ದರು.

ಇನ್ನು ಅಳತೆ. ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆ ಬೆನೆಡಿಕ್ಟ್ ಟೆಸ್ಟ್ ನೆನಪಿರಬೇಕು. ನೀಲಿ ದ್ರಾವಣಕ್ಕೆ ಸಕ್ಕರೆಯಿರುವುದನ್ನು ಹಾಕಿ ಕಾಯಿಸಿದರೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ನಮಗೆ ಅದು ಪ್ರಾಕ್ಟಿಕಲ್ ಮಾರ್ಕ್ಸಿನ ವಿಷಯ. ಆ ಕಾಲದ ಕಾಯಿಲೆಯವರಿಗೆ ಅದೇ ದಿನಚರಿ. ಎಂಟು ಹನಿ ಮೂತ್ರ ಹಾಕು, ಕಾಯಿಸು, ಬಣ್ಣ ನೋಡು, ಬರೆದಿಡು. 1941ರಲ್ಲಿ ಬೆಂಕಿ ಬೇಕಿಲ್ಲದ ಕ್ಲಿನಿಟೆಸ್ಟ್ ಮಾತ್ರೆ, 1956ರಲ್ಲಿ ಅದ್ದಿ ನೋಡುವ ಪಟ್ಟಿ ಬಂದವು. ಆದರೂ ನೋಡುತ್ತಿದ್ದದ್ದು ಮೂತ್ರವನ್ನೇ.

ಇದರಲ್ಲಿ ಎರಡು ದೊಡ್ಡ ಕೊರತೆ. ರಕ್ತದಲ್ಲಿ ಶುಗರ್ ಸುಮಾರು 180 ದಾಟಿದ ಮೇಲೆ ಮಾತ್ರ ಅದು ಮೂತ್ರಕ್ಕೆ ಇಳಿಯುತ್ತದೆ. ಹಾಗಾಗಿ ನೀಲಿ ಬಣ್ಣ ಬಂದರೆ ಶುಗರ್ 150 ಇರಬಹುದು, 90 ಇರಬಹುದು, ಪ್ರಜ್ಞೆ ತಪ್ಪುವ 40 ಕೂಡ ಇರಬಹುದು. ಎಲ್ಲಕ್ಕೂ ಅದೇ ನೀಲಿ! ಎರಡನೆಯದಾಗಿ, ಮೂತ್ರ ಹೇಳುವುದು ಕಳೆದ ಕೆಲವು ಗಂಟೆಗಳ ಸುದ್ದಿ, ಈ ಕ್ಷಣದ್ದಲ್ಲ. ಸರ್ವರ್ ಕೂತುಹೋದ ಮೇಲೆ ನಿನ್ನೆಯ ಲಾಗ್ ಫೈಲ್ ಓದಿದ ಹಾಗೆ :)

ಮೀನಿನಿಂದ ಬಂದ ನಿಧಾನ

ಇನ್ಸುಲಿನ್ನನ್ನು ನಿಧಾನ ಮಾಡುವ ಕೆಲಸ ನಡೆದದ್ದು ಡೆನ್ಮಾರ್ಕಿನಲ್ಲಿ. 1920ರಲ್ಲಿ ನೊಬೆಲ್ ಪಡೆದಿದ್ದ ಆಗಸ್ಟ್ ಕ್ರೋಗ್ 1922ರಲ್ಲಿ ಅಮೆರಿಕಕ್ಕೆ ಉಪನ್ಯಾಸಕ್ಕೆ ಹೋಗಿದ್ದರು. ಹೆಂಡತಿ ಮರೀ ಕ್ರೋಗ್ ತಾವೇ ಡಾಕ್ಟರು, ತಮಗೇ ಮಧುಮೇಹ. ಅವರ ಒತ್ತಾಯಕ್ಕೆ ಕ್ರೋಗ್ ಟೊರಾಂಟೋಗೆ ಹೋಗಿ ಇನ್ಸುಲಿನ್ ತಯಾರಿಸುವ ಅನುಮತಿ ತಂದರು. ಅವರ ಜೊತೆ ಸೇರಿದವರು ಹಾನ್ಸ್ ಕ್ರಿಶ್ಚಿಯನ್ ಹಾಗೆಡೋರ್ನ್. 1936ರಲ್ಲಿ ಹಾಗೆಡೋರ್ನ್ ತಂಡ ಟ್ರೌಟ್ ಮೀನಿನ ವೀರ್ಯದಿಂದ ತೆಗೆದ ಪ್ರೋಟಮೀನ್ ಅನ್ನುವ ಪ್ರೋಟೀನನ್ನು ಇನ್ಸುಲಿನ್ನಿಗೆ ಬೆರೆಸಿತು. ಚರ್ಮದ ಕೆಳಗೆ ಅದು ಬೇಗ ಕರಗದೆ ನಿಧಾನವಾಗಿ ರಕ್ತ ಸೇರತೊಡಗಿತು. ಟೊರಾಂಟೋದ ಸ್ಕಾಟ್ ಮತ್ತು ಫಿಶರ್ ಇದಕ್ಕೆ ಸತುವನ್ನೂ ಸೇರಿಸಿದಾಗ ಒಂದು ದಿನಕ್ಕೂ ಹೆಚ್ಚು ಕಾಲ ಕೆಲಸ ಮಾಡುವ ಇನ್ಸುಲಿನ್ ಸಿಕ್ಕಿತು. ದಿನಕ್ಕೆ ಒಂದೇ ಚುಚ್ಚು! ಎಷ್ಟು ಖುಷಿಯಾಗಿರಬೇಕು ಯೋಚಿಸಿ.

ಖುಷಿಯ ಜೊತೆಗೇ ಹೊಸ ಭಯವೂ ಬಂತು. ನಿಧಾನದ ಇನ್ಸುಲಿನ್ ರಾತ್ರಿ ಎಲ್ಲರೂ ಮಲಗಿದ ಮೇಲೂ ಕೆಲಸ ಮಾಡುತ್ತಲೇ ಇರುತ್ತಿತ್ತು. ಎಚ್ಚರವಿದ್ದಾಗ ಶುಗರ್ ಇಳಿದರೆ ಬೆವರು, ನಡುಕ ಬಂದು ಗೊತ್ತಾಗುತ್ತೆ, ಒಂದಿಷ್ಟು ಸಕ್ಕರೆ ಬಾಯಿಗೆ ಹಾಕಿಕೊಳ್ಳಬಹುದು. ನಿದ್ದೆಯಲ್ಲಿ ಇಳಿದರೆ? ಕೆಲವರಿಗೆ ಫಿಟ್ಸ್ ಬರುತ್ತಿತ್ತು, ಕೆಲವರು ಏಳುತ್ತಲೇ ಇರಲಿಲ್ಲ.

1946ರಲ್ಲಿ ಹಾಗೆಡೋರ್ನರ ಸಂಸ್ಥೆಯಿಂದಲೇ ಎನ್‌ಪಿಎಚ್ ಬಂತು. ಆ ಕೊನೆಯ ಎಚ್ ಅವರ ಹೆಸರಿನದೇ. ಇವತ್ತಿಗೂ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ, ಹಾಲಿನ ಹಾಗೆ ಮಸುಕಾದ, ಅಂಗೈಯಲ್ಲಿ ಉರುಳಿಸಿ ಬೆರೆಸಬೇಕಾದ ಇನ್ಸುಲಿನ್ ಇದೇ ಜಾತಿಯದ್ದು. 1950ರ ದಶಕದ ಆರಂಭದಲ್ಲಿ ನೋವೋ ಕಂಪನಿಯ ಹಲ್ಲಾಸ್ ಮುಲ್ಲರ್ ಲೆಂಟೆ ಅನ್ನುವ ಮತ್ತೊಂದು ಗುಂಪನ್ನು ತಂದರು. ಆದರೆ ಇವು ಯಾವುವೂ ತಂಬೂರಿಯ ಹಾಗೆ ಒಂದೇ ಸಮನೆ ನುಡಿಯುತ್ತಿರಲಿಲ್ಲ. ಎನ್‌ಪಿಎಚ್ ಚುಚ್ಚಿಕೊಂಡ ನಾಲ್ಕರಿಂದ ಎಂಟು ಗಂಟೆಗಳ ನಡುವೆ ಜೋರಾಗಿ ಕೆಲಸ ಮಾಡಿ ಆಮೇಲೆ ಇಳಿಯುತ್ತದೆ. ರಾತ್ರಿ ಎಂಟಕ್ಕೆ ಚುಚ್ಚಿಕೊಂಡರೆ ಅದರ ಜೋರು ಮಧ್ಯರಾತ್ರಿ ಎರಡು ಮೂರು ಗಂಟೆಗೆ. ದೇಹಕ್ಕೆ ಇನ್ಸುಲಿನ್ ಅತಿ ಕಡಿಮೆ ಬೇಕಾಗಿರುವುದೂ ಹೆಚ್ಚುಕಡಿಮೆ ಆ ಹೊತ್ತಿನಲ್ಲೇ!

ಬೆಳಗಿನ ಕೆಂಪು ಬಣ್ಣಕ್ಕೆ ಎರಡು ಅರ್ಥ

ಈಗ ಕತೆಯ ಮುಖ್ಯ ಭಾಗಕ್ಕೆ ಬರ್ತೀನಿ. ಬೆಳಗ್ಗೆ ಎದ್ದು ಪರೀಕ್ಷೆ ಮಾಡಿದಾಗ ಇಟ್ಟಿಗೆ ಕೆಂಪು ಬಂತು ಅಂದುಕೊಳ್ಳಿ. ರಾತ್ರಿಯ ಡೋಸ್ ಏನು ಮಾಡುತ್ತೀರಿ? ಶುಗರ್ ಜಾಸ್ತಿ ಇದೆ, ಡೋಸ್ ಏರಿಸಬೇಕು ಅಂತ ತಾನೆ?

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕೆಲಸ ಮಾಡುತ್ತಿದ್ದ ಹಂಗೇರಿ ಮೂಲದ ರಸಾಯನ ವಿಜ್ಞಾನಿ ಮೈಕೆಲ್ ಸೊಮೋಗಿ 1930ರ ದಶಕದ ಕೊನೆಯಲ್ಲಿ ಬೇರೆ ಮಾತು ಹೇಳಿದರು. ರಾತ್ರಿ ಇನ್ಸುಲಿನ್ ಜಾಸ್ತಿಯಾಗಿ ಶುಗರ್ ಪಾತಾಳಕ್ಕಿಳಿದರೆ, ದೇಹ ಗಾಬರಿಯಾಗಿ ಲಿವರಿನಿಂದ ಗ್ಲೂಕೋಸ್ ಸುರಿಸುತ್ತದೆ, ಬೆಳಗ್ಗೆ ಶುಗರ್ ಮೇಲೆ ಹೋಗಿರುತ್ತದೆ. ಹಾಗಿದ್ದರೆ ಮಾಡಬೇಕಾದದ್ದು ಡೋಸ್ ಇಳಿಸುವುದು. ಏರಿಸಿದರೆ ನಾಳೆ ರಾತ್ರಿ ಇನ್ನೂ ಅಪಾಯ. 1981ರಲ್ಲಿ ಮೂರನೇ ಮಾತು ಬಂತು. ಬೆಳಗಿನ ಜಾವ ನಾಲ್ಕರ ನಂತರ ಗ್ರೋತ್ ಹಾರ್ಮೋನ್, ಕಾರ್ಟಿಸೋಲ್ ಮುಂತಾದವುಗಳ ಪ್ರಭಾವದಿಂದ ಶುಗರ್ ತಾನಾಗಿಯೇ ಏರುತ್ತದೆ ಎಂದು ಗುರುತಿಸಿ ಅದಕ್ಕೆ 'ಮುಂಜಾವಿನ ವಿದ್ಯಮಾನ' ಅನ್ನುವ ಅರ್ಥದ ಹೆಸರಿಟ್ಟರು. ಸೊಮೋಗಿ ಹೇಳಿದ್ದು ಅಂದುಕೊಂಡಷ್ಟು ಸಾಮಾನ್ಯವಲ್ಲ, ಬೆಳಗಿನ ಏರಿಕೆಗೆ ಹೆಚ್ಚಿನ ಸಲ ಕಾರಣ ಹಿನ್ನೆಲೆ ಇನ್ಸುಲಿನ್ ಸಾಲದಿರುವುದೇ ಅಂತ ನಂತರದ ಅಧ್ಯಯನಗಳು ಹೇಳಿದವು.

ಆದರೆ ಪುಸ್ತಕದಲ್ಲಿ 'ಹೆಚ್ಚಿನ ಸಲ' ಅಂತ ಬರೆದಿದ್ದರೆ ನನ್ನ ಎದುರಿಗಿರುವ ಈ ಒಬ್ಬ ಮನುಷ್ಯನಿಗೆ ಏನು ಉಪಯೋಗ? ಅದೇ ಕೆಂಪು ಬಣ್ಣ, ಎರಡು ತದ್ವಿರುದ್ಧ ತೀರ್ಮಾನ. ತಪ್ಪು ತೀರ್ಮಾನ ಮಾಡಿದರೆ ಮನುಷ್ಯ ನಿದ್ದೆಯಲ್ಲೇ ಹೋಗಬಹುದು. ಬಿಡಿಸುವ ದಾರಿ ಒಂದೇ: ರಾತ್ರಿ ಮೂರು ಗಂಟೆಗೆ ಎದ್ದು ರಕ್ತದಲ್ಲಿ ಶುಗರ್ ಎಷ್ಟಿದೆ ಅಂತ ನೋಡುವುದು. ರಾತ್ರಿ ಮೂರಕ್ಕೆ ಯಾವ ಲ್ಯಾಬ್ ತೆರೆದಿರುತ್ತೆ? ಮನೆಯಲ್ಲೇ ಮೀಟರ್ ಇರಬೇಕು.

ಮೀಟರ್ ಯಾರ ಕೈಯಲ್ಲಿ?

ರಕ್ತದ ಹನಿ ಹಾಕಿ ಬಣ್ಣ ನೋಡುವ ಡೆಕ್ಸ್‌ಟ್ರೋಸ್ಟಿಕ್ಸ್ ಪಟ್ಟಿಯನ್ನು ಏಮ್ಸ್ ಕಂಪನಿ 1960ರ ದಶಕದ ಮಧ್ಯದಲ್ಲಿ ತಂದಿತು. ಆ ಬಣ್ಣವನ್ನು ಓದಿ ಅಂಕಿ ತೋರಿಸುವ ಮೀಟರ್ ಬಂದದ್ದು 1970ರ ಸುಮಾರಿಗೆ. ಕಿಲೋಗಿಂತ ಹೆಚ್ಚು ತೂಕ, ನೂರಾರು ಡಾಲರ್ ಬೆಲೆ. ಅದನ್ನು ಮಾಡಿದ್ದು ಡಾಕ್ಟರುಗಳಿಗೆ, ಆಸ್ಪತ್ರೆಗಳಿಗೆ. ಕಾಯಿಲೆಯವರಿಗಲ್ಲ!

ಇಲ್ಲಿ ಒಬ್ಬ ಎಂಜಿನಿಯರ್ ಬರುತ್ತಾರೆ (ನಮ್ಮವರು ಅಂತ ನನಗೆ ಸ್ವಲ್ಪ ಹೆಮ್ಮೆ). ರಿಚರ್ಡ್ ಬರ್ನ್‌ಸ್ಟೀನ್. 1946ರಲ್ಲಿ, 12ನೇ ವಯಸ್ಸಿನಲ್ಲಿ ಮಧುಮೇಹ ಬಂತು. ಮೂವತ್ತು ದಾಟುವ ಹೊತ್ತಿಗೆ ಕಾಯಿಲೆ ಮೂತ್ರಪಿಂಡಕ್ಕೂ ಕೈ ಹಾಕಿತ್ತು. ಆಗ ಮೀಟರಿನ ಸುದ್ದಿ ಕಣ್ಣಿಗೆ ಬಿತ್ತು. ಕಂಪನಿ ಇವರಿಗೆ ಮಾರುವುದಿಲ್ಲ, ಡಾಕ್ಟರಿಗೆ ಮಾತ್ರ. ಹೆಂಡತಿ ಡಾಕ್ಟರಾಗಿದ್ದರು, ಅವರ ಹೆಸರಿನಲ್ಲಿ ತರಿಸಿದರು. ದಿನಕ್ಕೆ ಐದಾರು ಸಲ ತಮ್ಮ ರಕ್ತ ತಾವೇ ನೋಡಿಕೊಂಡು, ಬರೆದಿಟ್ಟು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಏನಾಗುತ್ತದೆ ಅಂತ ನೋಡಿದರು. ನಾವು ಕೋಡ್‌ನಲ್ಲಿ ಬಗ್ ಹುಡುಕುವುದೂ ಹೀಗೇ ಅಲ್ಲವೇ? ಇನ್ಸುಲಿನ್ನನ್ನು ಹಿನ್ನೆಲೆಗೆ ಬೇರೆ, ಊಟಕ್ಕೆ ಬೇರೆ ಅಂತ ಒಡೆದು ಶುಗರನ್ನು ಹದಕ್ಕೆ ತಂದರು. ಬರೆದ ಲೇಖನಗಳನ್ನು ವೈದ್ಯಕೀಯ ಪತ್ರಿಕೆಗಳು ವಾಪಸ್ ಕಳಿಸಿದವು. ಎಂಜಿನಿಯರ್ ಮಾತು ಯಾರು ಕೇಳುತ್ತಾರೆ? ಕೊನೆಗೆ 1979ರಲ್ಲಿ, 45ನೇ ವಯಸ್ಸಿನಲ್ಲಿ, ಮೆಡಿಕಲ್ ಕಾಲೇಜು ಸೇರಿ ತಾವೇ ಡಾಕ್ಟರಾದರು! ಕಾರ್ಬೋಹೈಡ್ರೇಟ್ ತೀರಾ ಕಡಿಮೆ ಮಾಡಿದ ಅವರ ಆಹಾರ ಕ್ರಮವನ್ನು ಎಲ್ಲ ಡಾಕ್ಟರುಗಳೂ ಒಪ್ಪುವುದಿಲ್ಲ, ಅದು ಬೇರೆ ಮಾತು. ಆದರೆ ತನ್ನ ರಕ್ತ ತಾನೇ ನೋಡಿಕೊಳ್ಳಬೇಕು ಅನ್ನುವುದು ಇವತ್ತು ಎಲ್ಲರೂ ಒಪ್ಪಿದ ನಿಯಮ. ಅವರು 2025ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರೊಬ್ಬರೇ ಅಲ್ಲ. 1978ರಲ್ಲಿ ಇಂಗ್ಲೆಂಡಿನ ಎರಡು ತಂಡಗಳು, ಲಂಡನ್ನಿನಲ್ಲಿ ಸೋಂಕ್ಸೆನ್ ಮತ್ತು ನಾಟಿಂಗ್‌ಹ್ಯಾಮ್‌ನಲ್ಲಿ ಟ್ಯಾಟರ್ಸಾಲ್ ಅವರವು, ಕಾಯಿಲೆಯವರು ಮನೆಯಲ್ಲೇ ರಕ್ತ ಪರೀಕ್ಷೆ ಮಾಡಿಕೊಳ್ಳಬಲ್ಲರು ಅಂತ ತೋರಿಸಿದವು. ಅದೇ ವರ್ಷ ಲಂಡನ್ನಿನ ಗೈಸ್ ಆಸ್ಪತ್ರೆಯ ಪಿಕಪ್ ಮತ್ತು ಕೀನ್ ಇನ್ಸುಲಿನ್ ಪಂಪ್ ಬಗ್ಗೆ ಬರೆದರು. ಪಂಪ್ ವೇಗದ ಇನ್ಸುಲಿನ್ನನ್ನೇ ದಿನವಿಡೀ ಸಣ್ಣದಾಗಿ ಬಿಡುತ್ತದೆ, ಊಟಕ್ಕೆ ಮಾತ್ರ ಹೆಚ್ಚು. ಶ್ರುತಿ ಬೇರೆ, ಹಾಡು ಬೇರೆ ಅನ್ನುವುದು ಈಗ ಯಂತ್ರದಲ್ಲೇ ಕಾಣುವ ಹಾಗಾಯಿತು.

ಪರೀಕ್ಷೆ ನಡೆಯುವುದು ಹೀಗೆ

ಪಂಪ್ ಬಳಸುವವರಲ್ಲಿ ಬೆಳೆದುಬಂದ ಪದ್ಧತಿ ಇದು. ದಿನವನ್ನು ನಾಲ್ಕು ಭಾಗ ಮಾಡಿ, ಒಂದು ಸಲಕ್ಕೆ ಒಂದೇ ಭಾಗ ನೋಡುತ್ತಾರೆ. ಮೊದಲು ರಾತ್ರಿ, ಯಾಕೆಂದರೆ ಹೇಗೂ ಊಟವಿಲ್ಲ, ಅಪಾಯವೂ ಅಲ್ಲೇ ಜಾಸ್ತಿ. ಸಂಜೆ ಬೇಗ, ಎಣ್ಣೆ ಜಿಡ್ಡು ಕಡಿಮೆ ಇರುವ ಊಟ. ಊಟದ ಇನ್ಸುಲಿನ್ನಿನ ಕೆಲಸ ಮುಗಿಯಲು ನಾಲ್ಕು ಗಂಟೆ ಬಿಟ್ಟು ಅಳತೆ ಶುರು. ಮಲಗುವಾಗ, ಮಧ್ಯರಾತ್ರಿ, ಮೂರು ಗಂಟೆಗೆ, ಎದ್ದಾಗ. ಏರಿಳಿತ 30ರ ಒಳಗಿದ್ದರೆ ಸರಿ. 70ಕ್ಕಿಂತ ಇಳಿದರೆ ಪರೀಕ್ಷೆ ಅಲ್ಲಿಗೇ ಬಂದ್, ಮೊದಲು ಸಕ್ಕರೆ ಬಾಯಿಗೆ. ಜ್ವರ ಇದ್ದ ದಿನ, ಜೋರಾಗಿ ಮೈ ದಂಡಿಸಿದ ದಿನ, ಕುಡಿದ ದಿನ ಮಾಡಬಾರದು, ಆ ಲೆಕ್ಕ ನಂಬುವ ಹಾಗಿಲ್ಲ. ಒಂದು ರಾತ್ರಿ ನೋಡಿ ತೀರ್ಮಾನ ಮಾಡಬಾರದು, ಎರಡು ಮೂರು ಸಲ ಅದೇ ರೀತಿ ಬಂದರೆ ಶೇಕಡ 10ರಷ್ಟು ಬದಲಿಸಿ ಮತ್ತೆ ನೋಡಬೇಕು. ದಿನಕ್ಕೊಂದು ಸಲ ಚುಚ್ಚಿಕೊಳ್ಳುವ ನಿಧಾನದ ಇನ್ಸುಲಿನ್ ಆದರೆ, ಬದಲಿಸಿದ ಪರಿಣಾಮ ಪೂರ್ತಿ ಕಾಣಲು ಮೂರು ನಾಲ್ಕು ದಿನ ಕಾಯಬೇಕು. ಸಾಫ್ಟ್‌ವೇರ್ ಗೆಳೆಯರಿಗೆ ಹೇಳುವುದಾದರೆ ಇದು ಯೂನಿಟ್ ಟೆಸ್ಟ್. ಬೇರೆಲ್ಲ ಕಟ್ಟಿಹಾಕಿ ಒಂದನ್ನೇ ನೋಡುವುದು. (ನಾನು ಡಾಕ್ಟರ್ ಅಲ್ಲ. ಕತೆ ಹೇಳುತ್ತಿದ್ದೇನೆ ಅಷ್ಟೇ. ಡಾಕ್ಟರ ಜೊತೆ ಮಾತಾಡದೆ ಯಾರೂ ಶುರು ಮಾಡಬೇಡಿ.)

1993ರಲ್ಲಿ ಅಮೆರಿಕ ಮತ್ತು ಕೆನಡಾದ 1441 ಜನರನ್ನಿಟ್ಟುಕೊಂಡು ಹತ್ತು ವರ್ಷ ನಡೆಸಿದ ಡಿಸಿಸಿಟಿ ಅಧ್ಯಯನ ಪ್ರಕಟವಾಯಿತು. ಹೀಗೆ ಪದೇ ಪದೇ ಅಳೆದು ತಿದ್ದಿಕೊಂಡವರಲ್ಲಿ ಕಣ್ಣಿನ ತೊಂದರೆ ಹೊಸದಾಗಿ ಬರುವ ಅಪಾಯ ಶೇಕಡ 76ರಷ್ಟು ಕಡಿಮೆಯಾಗಿತ್ತು. ಆದರೆ ಶುಗರ್ ತೀವ್ರವಾಗಿ ಇಳಿಯುವುದು ಮೂರು ಪಟ್ಟಾಗಿತ್ತು. ಹಾಗಾಗಿ ಇನ್ನೂ ಸಮತಟ್ಟಾದ ಹಿನ್ನೆಲೆ ಇನ್ಸುಲಿನ್ ಬೇಕಾಯಿತು. 2000ದಲ್ಲಿ ಗ್ಲಾರ್ಜೀನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬಾಟಲಿಯ ಆಮ್ಲದಲ್ಲಿ ತಿಳಿಯಾಗಿರುವ ಇದು ಚರ್ಮದ ಕೆಳಗೆ ಹೋದ ಕೂಡಲೇ ಸಣ್ಣ ಕಣಗಳಾಗಿ ಕೂತು ಸುಮಾರು ಒಂದು ದಿನ ನಿಧಾನವಾಗಿ ಕರಗುತ್ತದೆ.

ಈಗ ನನಗೆ ತುಂಬಾ ಹಿಡಿಸಿದ ಅಧ್ಯಯನ. 2003ರಲ್ಲಿ ರಿಡಲ್, ರೋಸೆನ್‌ಸ್ಟಾಕ್ ಮತ್ತು ಗೆರಿಕ್ ಟೈಪ್ 2 ಮಧುಮೇಹದ 756 ಜನರಲ್ಲಿ ಅರ್ಧದಷ್ಟು ಜನಕ್ಕೆ ಹೊಸ ಗ್ಲಾರ್ಜೀನ್, ಉಳಿದವರಿಗೆ ಹಳೆಯ ಎನ್‌ಪಿಎಚ್ ಕೊಟ್ಟರು. 10 ಯೂನಿಟ್‌ನಿಂದ ಶುರು. ಬೆಳಗಿನ ಖಾಲಿ ಹೊಟ್ಟೆಯ ಶುಗರ್ 100ಕ್ಕೆ ಇಳಿಯುವ ತನಕ ವಾರಕ್ಕೊಮ್ಮೆ ನಿಯಮದ ಪ್ರಕಾರ ಡೋಸ್ ಏರಿಸುವುದು. ಫಲಿತಾಂಶ? ಎರಡೂ ಗುಂಪಿನಲ್ಲಿ ಸುಮಾರು ಶೇಕಡ 60 ಜನ ಗುರಿ ಮುಟ್ಟಿದರು! ಹೊಸ ಔಷಧಿಯ ಲಾಭ ಕಂಡದ್ದು ರಾತ್ರಿಯಲ್ಲಿ. ಗ್ಲಾರ್ಜೀನ್ ತೆಗೆದುಕೊಂಡವರಲ್ಲಿ ರಾತ್ರಿ ಶುಗರ್ ಇಳಿಯುವುದು ಕಡಿಮೆ ಇತ್ತು. ಅದೇನು ಸಣ್ಣ ಲಾಭವಲ್ಲ. ಆದರೆ ಗುರಿ ಮುಟ್ಟಿಸಿದ್ದು ಅಳೆದು ತಿದ್ದುವ ನಿಯಮ.

ನಮ್ಮಲ್ಲಿ

ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್‌ನಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನೂ, 2009ರಲ್ಲಿ ಗ್ಲಾರ್ಜೀನನ್ನೂ ಮಾರುಕಟ್ಟೆಗೆ ಬಿಟ್ಟಿತು. ಅದೇ ಗ್ಲಾರ್ಜೀನ್ 2021ರಲ್ಲಿ, ಮೂಲ ಔಷಧಿಯ ಬದಲಿಗೆ ಅಂಗಡಿಯವರೇ ಕೊಡಬಹುದಾದ ಮೊದಲ ಇನ್ಸುಲಿನ್ ಅಂತ ಅಮೆರಿಕದಲ್ಲಿ ಅನುಮತಿ ಪಡೆಯಿತು. ಔಷಧಿ ಮಾಡುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ.

ಅಳತೆಯಲ್ಲಿ? ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರು ತೆಗೆದುಕೊಳ್ಳುವುದು 30/70 ಮಿಶ್ರಣ. ವೇಗದ್ದೂ ನಿಧಾನದ್ದೂ ಒಂದೇ ಬಾಟಲಿಯಲ್ಲಿ. ಅನುಕೂಲ ನಿಜ, ಆದರೆ ಶ್ರುತಿಯನ್ನು ತಿದ್ದಲು ಹೋದರೆ ಹಾಡೂ ಬದಲಾಗುತ್ತೆ. ಊಟ ಬಿಟ್ಟು ಪರೀಕ್ಷೆ ಮಾಡುವ ಮಾತೇ ಇಲ್ಲ, ಮಿಶ್ರಣ ಚುಚ್ಚಿಕೊಂಡು ಊಟ ಬಿಟ್ಟರೆ ಶುಗರ್ ಕುಸಿಯುತ್ತೆ. ಇನ್ನು ಪರೀಕ್ಷೆ ಅಂದರೆ ಎರಡು ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ ಫಾಸ್ಟಿಂಗ್ ಒಂದು, ಪಿಪಿ ಒಂದು. ಆ ಚೀಟಿ ನೋಡಿ ಡೋಸ್ ಏರಿಸುತ್ತಾರೆ. ಬೆಳಗಿನ ಕೆಂಪು ಬಣ್ಣದ ಅದೇ ಹಳೇ ಸಮಸ್ಯೆ! ಏರಿದ ಫಾಸ್ಟಿಂಗ್ ಹಿಂದೆ ಮೂರು ಗಂಟೆಗೆ ಏನಾಗಿತ್ತು ಅಂತ ಆ ಚೀಟಿ ಹೇಳುವುದಿಲ್ಲ. ಡಾಕ್ಟರನ್ನು ದೂರುತ್ತಿಲ್ಲ, ಅವರ ಮುಂದಿರುವುದೇ ಎರಡು ಅಂಕಿ. ಮೀಟರ್ ಇದ್ದ ಮನೆಯಲ್ಲೂ ಸ್ಟ್ರಿಪ್ ದುಬಾರಿ ಅಂತ ಅದು ಬೀರುವಿನಲ್ಲೇ ಇರುತ್ತೆ.

1999ರಲ್ಲಿ ಅಮೆರಿಕದಲ್ಲಿ ಮೊದಲ ಬಾರಿಗೆ, ಚರ್ಮದ ಕೆಳಗಿದ್ದುಕೊಂಡು ಎಡೆಬಿಡದೆ ಶುಗರ್ ನೋಡುವ ಸೆನ್ಸರ್‌ಗೆ ಅನುಮತಿ ಸಿಕ್ಕಿತು. ತಮಾಷೆ ನೋಡಿ, ಅದರ ಅಂಕಿಗಳೂ ಮೊದಲು ಡಾಕ್ಟರಿಗೆ ಮಾತ್ರ! ಮೂರು ದಿನ ಹಾಕಿಕೊಂಡಿದ್ದು ಆಮೇಲೆ ಅವರ ಕಂಪ್ಯೂಟರಿನಲ್ಲಿ ನೋಡಬೇಕಿತ್ತು. ಕಾಯಿಲೆಯವರ ಕಣ್ಣಿಗೆ ಆಗಿಂದಾಗ್ಗೆ ಕಾಣುವ ಸೆನ್ಸರ್ ಬಂದ ಮೇಲೂ ಅದು ದೂರದಲ್ಲಿರುವ ತಂದೆತಾಯಿಗೆ ಕಾಣುತ್ತಿರಲಿಲ್ಲ. 2013ರಲ್ಲಿ ಅಮೆರಿಕದ ಎಂಜಿನಿಯರ್ ಜಾನ್ ಕಾಸ್ಟಿಕ್ ತಮ್ಮ ಮಗುವಿನ ಸೆನ್ಸರ್ ಅಂಕಿಗಳನ್ನು ಇಂಟರ್ನೆಟ್‌ಗೆ ಕಳಿಸುವ ಕೋಡ್ ಬರೆದರು. ಅದು ನೈಟ್‌ಸ್ಕೌಟ್ ಆಗಿ ಬೆಳೆಯಿತು. 2015ರಲ್ಲಿ ಡಾನಾ ಲೂಯಿಸ್ ಮತ್ತು ಗೆಳೆಯರು ಸೆನ್ಸರ್ ನೋಡಿ ಪಂಪಿನ ಹಿನ್ನೆಲೆ ಇನ್ಸುಲಿನ್ನನ್ನು ತಾನೇ ಏರಿಳಿಸುವ ಓಪನ್ ಸೋರ್ಸ್ ವ್ಯವಸ್ಥೆಯನ್ನು ಎಲ್ಲರಿಗೂ ಕೊಟ್ಟರು. ಮಾರನೇ ವರ್ಷ ಆ ಕೆಲಸ ಮಾಡುವ ಕಂಪನಿ ಪಂಪಿಗೂ ಅನುಮತಿ ಸಿಕ್ಕಿತು. ಈಗ ಅಲಾರಾಂ ಇಟ್ಟು ಮಾಡುತ್ತಿದ್ದ ಪರೀಕ್ಷೆಯನ್ನು ಯಂತ್ರ ಐದೈದು ನಿಮಿಷಕ್ಕೊಮ್ಮೆ ಮಾಡುತ್ತದೆ, ಕೊಳ್ಳಬಲ್ಲವರಿಗೆ.

ಕೊಳ್ಳಲಾಗದವರಿಗೆ ಇರುವುದು ಒಂದು ಮೀಟರ್, ಒಂದಿಷ್ಟು ಸ್ಟ್ರಿಪ್, ಒಂದು ನೋಟ್‌ಬುಕ್. ಅದೂ ಕಡಿಮೆಯೇನಲ್ಲ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವ ಮುಂಚೆ ಎರಡು ಮೂರು ರಾತ್ರಿ ಮೂರು ಗಂಟೆಗೆ ಒಮ್ಮೆ ಎದ್ದು ನೋಡಿ ಬರೆದುಕೊಂಡು ಹೋಗಿ. ಆ ಎರಡು ಮೂರು ಅಂಕಿ ಕಂಡರೆ ಅವರ ತೀರ್ಮಾನವೇ ಬದಲಾಗಬಹುದು.

ಅಂದ ಹಾಗೆ, ನಿಮ್ಮ ಮನೆಯ ಅಜ್ಜ ಅಜ್ಜಿ ಯಾರಾದರೂ ಸ್ಪಿರಿಟ್ ದೀಪದ ಮೇಲೆ ಟೆಸ್ಟ್ ಟ್ಯೂಬ್ ಕಾಯಿಸಿ ಬಣ್ಣ ನೋಡುತ್ತಿದ್ದದ್ದು ನೆನಪಿದೆಯೇ? ಫ್ರಿಜ್ ಇಲ್ಲದ ಕಾಲಕ್ಕೆ ಮಣ್ಣಿನ ಮಡಕೆಯಲ್ಲಿ ಇನ್ಸುಲಿನ್ ಇಡುತ್ತಿದ್ದದ್ದು? ಇದ್ದರೆ ನಿಮ್ಮ ಬ್ಲಾಗಿನಲ್ಲಿ ಖಂಡಿತ ಬರೆಯಿರಿ. ಟೊರಾಂಟೋ, ಲಂಡನ್ನಿನ ಕತೆ ಪುಸ್ತಕದಲ್ಲಿ ಸಿಗುತ್ತೆ, ನಮ್ಮೂರಿನದನ್ನು ನಾವೇ ಬರೆದಿಡಬೇಕು.